ಕೆಲಸಕ್ಕೆ ಸೇರಿ ಏಳು ತಿಂಗಳು, ಎಂ.ಎಸ್ಸಿ ನರ್ಸಿಂಗ್‌ಗೆ ಈಗಲೇ ಹೋಗಲಾ?

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸರ್ಜಿಕಲ್ ವಾರ್ಡ್‌ಗೆ ಸೇರಿ ಏಳು ತಿಂಗಳಾಯಿತು. ಕೈಗೆ 21,000 ಬರುತ್ತದೆ. ಉಳಿದುಕೊಂಡಿರುವ ಪಿಜಿಯ ಬಾಡಿಗೆಗೆ 7,000, ಓದಿನ ಸಾಲದ ಕಂತಿಗೆ 5,500 ಹೋಗುತ್ತದೆ. ಊರಲ್ಲಿ ಅಪ್ಪನ ತೆಂಗಿನ ತೋಟ ಇದೆ, ಈ ಸಲ ಕಾಯಿ ಕಡಿಮೆ. ತಂಗಿ ಸೆಕೆಂಡ್ ಪಿಯುಸಿ.

ನಮ್ಮ ಸೋದರಮಾವ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಓದೋ ವಯಸ್ಸಲ್ಲಿ ಓದಿಬಿಡು, ಮದುವೆ ಆದ್ಮೇಲೆ ಆಗಲ್ಲ." ಜೊತೆಗೆ ಓದಿದ ಇಬ್ಬರು ಆಗಲೇ ಎಂ.ಎಸ್ಸಿ ಸೀಟು ವಿಚಾರಿಸುತ್ತಿದ್ದಾರೆ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ.

ಹೋದ ತಿಂಗಳು ಒಂದು ನೈಟ್ ಡ್ಯೂಟಿ. ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನದ ಪೇಷೆಂಟ್, ವಯಸ್ಸಾದವರು. ಬಿಪಿ, ಟೆಂಪರೇಚರ್, ಸ್ಯಾಚುರೇಷನ್ ಎಲ್ಲ ನೋಡಿದೆ. ಉಸಿರಿನ ಜಾಗದಲ್ಲಿ 18 ಅಂತ ಬರೆದೆ. ಎಣಿಸಿರಲಿಲ್ಲ. ಹಿಂದಿನ ಶಿಫ್ಟಿನವರೂ 18 ಬರೆದಿದ್ದರು, ಅದರ ಹಿಂದಿನವರೂ 18. ಸೀನಿಯರ್ ಸಿಸ್ಟರ್ ಆ ಮಂಚದ ಹತ್ತಿರ ಬಂದವರು ಒಂದು ಕ್ಷಣ ನಿಂತರು. ಆಮೇಲೆ ಅಜ್ಜನ ಎದೆ ಮೇಲೆ ಕೈಯಿಟ್ಟು, ವಾಚ್ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು. 34. "ಡಾಕ್ಟರಿಗೆ ಫೋನ್ ಮಾಡು" ಅಂದರು, ಅಷ್ಟೇ. ಹೊಲಿಗೆ ಹಾಕಿದ ಕಡೆ ಕರುಳು ಸೋರುತ್ತಿತ್ತು. ರಾತ್ರಿಯೇ ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋದರು. ಅಜ್ಜ ಉಳಿದರು.

ಆ ಸಿಸ್ಟರ್ ಓದಿರುವುದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ. ಸರ್ವಿಸ್ 16 ವರ್ಷ. ನನಗೆ ಅವರ ಹಾಗೆ ಆಗಬೇಕು. ಅದಕ್ಕೆ ಎಂ.ಎಸ್ಸಿ ದಾರಿಯಾ, ಅಥವಾ ವಾರ್ಡೇ ದಾರಿಯಾ? ಇನ್ನೊಂದು ಸಾಲ ಮಾಡುವ ಮೊದಲು ತಿಳಿದವರನ್ನು ಕೇಳೋಣ ಅನಿಸಿತು.

ಮಂಗಳೂರು ಮೇಡಂ

ತಂಗಿ, ನಾನು ಮೆಡಿಕಲ್ ಸರ್ಜಿಕಲ್‌ನಲ್ಲಿ ಎಂ.ಎಸ್ಸಿ ಮಾಡಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಮೊದಲು ಒಂದು ವಿಷಯ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಎಂ.ಎಸ್ಸಿಗೆ ಸೇರಲು ಬಿ.ಎಸ್ಸಿಯಲ್ಲಿ ಕನಿಷ್ಠ 55% ಅಂಕ ಬೇಕು, ಬಿ.ಎಸ್ಸಿ ಆದ ಮೇಲೆ ಒಂದು ವರ್ಷದ ಅನುಭವವೂ ಬೇಕು. ಹಾಗಾಗಿ ನಿನಗೆ ಇನ್ನೂ ಐದು ತಿಂಗಳಿದೆ. ಈಗಲೇ ಕೆಲಸ ಬಿಡಬೇಡ. ಬಿಡುವಾಗಲೂ ಅನುಭವ ಪ್ರಮಾಣಪತ್ರ ಕೈಗೆ ಬಂದ ಮೇಲೆ ಬಿಡು.

ನಾನು ಒಂದು ವರ್ಷ ಮುಗಿದ ಮಾರನೇ ದಿನವೇ ಓಡಿದವಳು. ಪಾಠ ಮಾಡಲು ನಿಂತ ಮೊದಲ ವರ್ಷ ಮಕ್ಕಳು ಡ್ರೈನ್ (ಆಪರೇಷನ್ ಆದ ಜಾಗದಿಂದ ದ್ರವ ಹೊರಬರಲು ಇಡುವ ಕೊಳವೆ) ಬಗ್ಗೆ ಕೇಳಿದರೆ ಪುಸ್ತಕದಲ್ಲಿರುವುದು ಮಾತ್ರ ಬಾಯಿಗೆ ಬರುತ್ತಿತ್ತು. ಡ್ರೈನ್‌ನಲ್ಲಿ ಬರುವುದರ ಬಣ್ಣ ಬದಲಾದಾಗ ಎದೆ ಧಸಕ್ ಅನ್ನುತ್ತದಲ್ಲ, ಆ ಅನುಭವ ನನ್ನ ಹತ್ತಿರ ಇರಲಿಲ್ಲ. ಇವತ್ತಿಗೂ ಅದು ನೋವು.

ಹಾಗಂತ ಎಂ.ಎಸ್ಸಿ ಸುಮ್ನೆ ಅಂತ ಅಲ್ಲ. ಪಾಠ ಮಾಡಬೇಕು, ಕಾಲೇಜಿನಲ್ಲಿ ಮೇಲೆ ಬರಬೇಕು ಅಂದರೆ ಅದು ಬೇಕೇ ಬೇಕು. ಉಸಿರು ಎಣಿಸುವುದನ್ನು ಅಲ್ಲಿ ಹೊಸದಾಗಿ ಹೇಳಿಕೊಡುವುದಿಲ್ಲ. ಆದರೆ ಮೂರು ಶಿಫ್ಟಿನವರೂ ಯಾಕೆ 18 ಅಂತಲೇ ಬರೆದರು ಅನ್ನುವ ಪ್ರಶ್ನೆಯ ಹಿಂದೆ ಬೀಳಲು ಕಲಿಸುತ್ತಾರೆ. ಎಣಿಸಲು ಸಮಯ ಇಲ್ಲವಾ, ಚಾರ್ಟ್ ಸರಿ ಇಲ್ಲವಾ, ಯಾರೂ ನೋಡಲ್ಲ ಅನ್ನುವ ಭಾವನೆಯಾ? ಪ್ರಬಂಧಕ್ಕೆ ನನಗೆ ವಿಷಯವೇ ಇರಲಿಲ್ಲ, ಗೈಡ್ ಕೊಟ್ಟದ್ದನ್ನು ಮಾಡಿದೆ. ನಿನಗೆ ಏಳೇ ತಿಂಗಳಲ್ಲಿ ಸಿಕ್ಕಿದೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು.

ಸೇರುವುದಾದರೆ ಕಟ್ಟಡ ನೋಡಿ ಮರುಳಾಗಬೇಡ. ಕ್ಲಿನಿಕಲ್ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಬೆಡ್, ನಿಜವಾಗಿ ಕಳಿಸುತ್ತಾರಾ ಅಂತ ಈಗ ಅಲ್ಲಿ ಓದುತ್ತಿರುವವರನ್ನೇ ಕೇಳು.

ಬ್ರದರ್, ರಾಯಚೂರು

ಸಿಸ್ಟರ್, ನಾನು ದುಡ್ಡಿನ ಮಾತು ಹೇಳುತ್ತೇನೆ. ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆದು ಈಗ ಒಂದು ಏಮ್ಸ್‌ನಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದೇನೆ. ಅದಕ್ಕೆ ಬಿ.ಎಸ್ಸಿ, ನೋಂದಣಿ ಇದ್ದರೆ ಸಾಕು. ಮೂಲ ವೇತನ 44,900, ಅದರ ಮೇಲೆ ಭತ್ಯೆಗಳು. ಪಕ್ಕದಲ್ಲಿ ನಿಂತು ಡ್ಯೂಟಿ ಮಾಡುವವರಲ್ಲಿ ಎಂ.ಎಸ್ಸಿ ಆದವರೂ ಇದ್ದಾರೆ. ಹುದ್ದೆ ಅದೇ, ಮೂಲ ವೇತನವೂ ಅದೇ.

ವಯಸ್ಸಿನ ಮಿತಿ 30, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಎಂ.ಎಸ್ಸಿ ಆಮೇಲೂ ಮಾಡಬಹುದು, ಈ ವಯಸ್ಸು ವಾಪಸ್ ಬರಲ್ಲ. ನಾನು ಮೊದಲ ಸಲ ಫೇಲಾದೆ. ಎರಡನೇ ಸಲ, ನೈಟ್ ಮುಗಿಸಿ ಬಂದು ಮಲಗುವ ಮೊದಲು ದಿನಕ್ಕೆ 50 ಪ್ರಶ್ನೆ ಬಿಡಿಸುತ್ತಿದ್ದೆ. ಮನೆಯ ಸಾಲ ಎರಡು ವರ್ಷದಲ್ಲಿ ತೀರಿತು. ಅಪ್ಪನ ಮುಖ ನೋಡಬೇಕಿತ್ತು ನೀವು.

ಲಂಡನ್ ಡೈರಿ

ಹೊರದೇಶದ ಯೋಚನೆ ಇದ್ದರೆ ಒಂದು ಮಾತು. ಬ್ರಿಟನ್‌ನಲ್ಲಿ ನರ್ಸ್ ಆಗಿ ನೋಂದಣಿಗೆ ಎಂ.ಎಸ್ಸಿ ಕೇಳುವುದಿಲ್ಲ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆ, ಆಮೇಲೆ ಕಂಪ್ಯೂಟರ್‌ನಲ್ಲಿ ಬರೆಯುವ ಸಿಬಿಟಿ, ಇಲ್ಲಿಗೆ ಬಂದು ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ. ನಾನು ಎಂ.ಎಸ್ಸಿ ಮಾಡಿಯೇ ಬಂದೆ, ಆದರೂ ಹೊಸ ನರ್ಸ್‌ಗಳ ವೇತನ ಶ್ರೇಣಿಯಾದ ಬ್ಯಾಂಡ್ 5ರಿಂದಲೇ ಶುರುವಾಯಿತು. ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದೆಲ್ಲ ವಾರ್ಡ್ ಅನುಭವ.

ಅರಸೀಕೆರೆ ಹುಡುಗಿ

ಅಕ್ಕ, ಬ್ರದರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಆ ಒಂದು ವರ್ಷದ ನಿಯಮ ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಒಂದು ಅನುಮಾನ ಉಳಿದಿದೆ. ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಅಂತ ಎರಡು ವರ್ಷದ ಕೋರ್ಸ್ ಇದೆಯಲ್ಲ, ಪೇಷೆಂಟ್ ಪಕ್ಕದಲ್ಲೇ ಇರಬೇಕು ಅನ್ನುವವರಿಗೆ ಅದು ಸರಿಯಾ?

ಮಂಗಳೂರು ಮೇಡಂ

ಅದರಲ್ಲಿ ಹೆಚ್ಚಿನ ಸಮಯ ಐಸಿಯುನಲ್ಲೇ ಕಳೆಯುತ್ತದೆ, ಕೆಲಸ ಮಾಡುತ್ತಲೇ ಕಲಿಯುವ ರೆಸಿಡೆನ್ಸಿ ಥರ. ನಿನ್ನ ಆಸೆಗೆ ಹತ್ತಿರದ್ದೇ. ಆದರೆ ಮುಗಿಸಿದವರಿಗೆ ಆ ಹೆಸರಿನ ಹುದ್ದೆಯನ್ನೇ ಕೊಟ್ಟಿದ್ದಾರಾ, ಅಥವಾ ಮಾಮೂಲಿ ಸ್ಟಾಫ್ ನರ್ಸ್ ಅಂತಲೇ ಇಟ್ಟುಕೊಂಡಿದ್ದಾರಾ ಅಂತ ಸೇರುವ ಮೊದಲೇ ವಿಚಾರಿಸು. ಮೊದಲು ನಿಮ್ಮ ಆಸ್ಪತ್ರೆಯಲ್ಲೇ ಐಸಿಯುಗೆ ಹಾಕಿ ಅಂತ ಕೇಳು. ಆರು ತಿಂಗಳು ಅಲ್ಲಿದ್ದು ನೋಡು, ಇಷ್ಟವಾಗುತ್ತದಾ ಇಲ್ಲವಾ ತಿಳಿಯುತ್ತದೆ.

ಅರಸೀಕೆರೆ ಹುಡುಗಿ

ಸೋಮವಾರ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳುತ್ತೇನೆ ಅಕ್ಕ. ನಾರ್ಸೆಟ್ ಪುಸ್ತಕವನ್ನೂ ತರಿಸಿದೆ. ನಿನ್ನೆ ರಾತ್ರಿ 12 ಪೇಷೆಂಟ್ ಇದ್ದರು. ಎಲ್ಲರ ಉಸಿರನ್ನೂ ಪೂರ್ತಿ ಒಂದೊಂದು ನಿಮಿಷ ಎಣಿಸಿದೆ.