ಮಧುನಾಶಿನಿ ಸಾರ ಹಾಕಿದ್ರೆ ಸಕ್ಕರೆ ಇಳಿಯೋ ಬದಲು ಏರ್ತಿದೆ, ಯಾಕೆ?

ತುಂಗಾತೀರ:
ಎಂ.ಎಸ್ಸಿ. ಬಯೋಕೆಮಿಸ್ಟ್ರಿ, ಕೊನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಸಕ್ಕರೆ ಕಾಯಿಲೆಗೆ ಬಳಸೋ ಮಧುನಾಶಿನಿ ಬಳ್ಳಿ ತಗೊಂಡಿದೀನಿ. ಎಲೆ ತೀರ್ಥಹಳ್ಳಿಯ ನಮ್ಮನೆ ಬೇಲಿದೇ. ಚಿಕ್ಕವನಿದ್ದಾಗ ಅಜ್ಜಿ ಒಂದೆಲೆ ಅಗಿಸಿ, ಆಮೇಲೆ ಬೆಲ್ಲ ಕೊಟ್ಟಿದ್ರು. ಬಾಯಲ್ಲಿ ಮರಳು ಹಾಕ್ಕೊಂಡ ಹಾಗಿತ್ತು. ಆ ಮೋಸ ಇನ್ನೂ ಮರೆತಿಲ್ಲ.

ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್ ಹಾಕಿ ಸಾರ ತೆಗೆದೆ. ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಪರೀಕ್ಷೆ) ಚೆನ್ನಾಗೇ ಬಂತು, ನೇರಳೆ ಬಣ್ಣ ಹಳದಿಗೆ ತಿರುಗಿತು. ಕೈಕೊಟ್ಟಿದ್ದು ಆಲ್ಫಾ ಅಮೈಲೇಸ್, ಅಂದ್ರೆ ಪಿಷ್ಟ ಒಡೆದು ಸಕ್ಕರೆ ಮಾಡೋ ಕಿಣ್ವವನ್ನ ಸಾರ ತಡೆಯುತ್ತಾ ಅಂತ ನೋಡೋ ಪರೀಕ್ಷೆ. ಪಿಷ್ಟ, ಕಿಣ್ವ, ಸಾರ ಸೇರಿಸಿ, ಡಿಎನ್‌ಎಸ್ (ಸಕ್ಕರೆ ಇದ್ದಷ್ಟೂ ಕೆಂಪಾಗೋ ದ್ರಾವಣ) ಹಾಕಿ ಕುದಿಯೋ ನೀರಲ್ಲಿಟ್ಟು 540 ನ್ಯಾನೋಮೀಟರ್ ಬೆಳಕಲ್ಲಿ ಬಣ್ಣ ಅಳೆದೆ. ಸಾರ ಇಲ್ಲದ ಕಂಟ್ರೋಲ್ 0.82, ಸಾರ ಹಾಕಿದ್ದು 0.97! ಲೆಕ್ಕ ಹಾಕಿದ್ರೆ ಪ್ರತಿಬಂಧ (ಕಿಣ್ವಕ್ಕೆ ಬಿದ್ದ ತಡೆ) ಮೈನಸ್ 18%. ಸಾರ ಜಾಸ್ತಿ ಮಾಡಿದಷ್ಟೂ ಟ್ಯೂಬು ಇನ್ನೂ ಕೆಂಪಗಾಗುತ್ತೆ. ಈ ಕಿಣ್ವ ತಡೆಯೋ ಔಷಧಿ ಅಕಾರ್ಬೋಸ್ ಹಾಕಿದ ಟ್ಯೂಬು ಮಾತ್ರ ಹೇಳಿದ ಮಾತು ಕೇಳ್ಕೊಂಡು ಹಳದಿಯಾಗೇ ಇದೆ. ಮೂರು ಸಲ ಮಾಡಿದೆ. ಗೈಡು "ಬೇರೆ ಗಿಡ ನೋಡು" ಅಂತಿದಾರೆ.

ಪಿಪೆಟ್ ರಾಮಣ್ಣ:
ಗಿಡ ಬದಲಾಯಿಸ್ಬೇಡ ಮಾರಾಯ. ಅಕಾರ್ಬೋಸ್ ಕೆಲಸ ಮಾಡಿದೆ ಅಂದ್ರೆ ಕಿಣ್ವ, ಪಿಷ್ಟ ಎರಡೂ ಸರಿ ಇವೆ. ಸಕ್ಕರೆ ಎಲ್ಲಿಂದ ಬಂತು ಅಂತ ಡಿಎನ್‌ಎಸ್ ಕೇಳಲ್ಲ. ಪಿಷ್ಟ ಒಡೆದು ಬಂದ ಮಾಲ್ಟೋಸೂ ಅದಕ್ಕೆ ಒಂದೇ, ನಿನ್ನೆಲೆಯಲ್ಲೇ ಇದ್ದ ಗ್ಲೂಕೋಸೂ ಒಂದೇ. ಮೆಥನಾಲ್ ಅದನ್ನೂ ಎಳ್ಕೊಂಡು ಬಂದಿರುತ್ತೆ. ಸಾರದ ಪ್ರತಿ ಪ್ರಮಾಣಕ್ಕೂ ಒಂದೊಂದು ಬ್ಲ್ಯಾಂಕ್ ಇಡು: ಸಾರ, ಪಿಷ್ಟ, ಬಫರ್ ಎಲ್ಲ ಇರಲಿ, ಕಿಣ್ವ ಮಾತ್ರ ಬೇಡ. ಬಂದಿದ್ದನ್ನ ಕಳೆ.

ಡಿಪಿಪಿಎಚ್ ಖುಷಿನೂ ಸ್ವಲ್ಪ ತಡ್ಕೋ. ದ್ರಾವಣ ಯಾವತ್ತಿಂದು? ಬೆಳಕಿಗಿಟ್ರೆ ಅದು ತಾನಾಗೇ ಮಾಸುತ್ತೆ. ಅವತ್ತಿಂದವತ್ತೇ ಮಾಡಿ ಫಾಯಿಲ್ ಸುತ್ತಿಡು.

ಬೇರುನಾರು:
ರಾಮಣ್ಣ ಹೇಳಿದ್ದು ಸರಿ. ಇನ್ನೊಂದು ಮಾತು. ಬೆಲ್ಲ ಮರಳಾಗೋದು ಈ ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಗೆಯಲ್ಲಿ ಸಿಹಿ ಗುರುತಿಸೋ ಗ್ರಾಹಕಕ್ಕೆ (ರಿಸೆಪ್ಟರ್) ಅಡ್ಡ ಕೂರೋದ್ರಿಂದ. ಅದಕ್ಕೂ ಅಮೈಲೇಸ್‌ಗೂ ಸಂಬಂಧ ಇಲ್ಲ. ಹಾಗಾಗಿ ಪ್ರತಿಬಂಧ ಕಡಿಮೆ ಬಂದ್ರೆ ಅಜ್ಜಿ ಸೋತ್ರು ಅಂತಲ್ಲ. ಅಂದ ಹಾಗೆ, ಗಿಡ ಇದೇ ಅನ್ನೋ ಗುರುತಿಗೆ ಹೂವಿರೋ ಕೊಂಬೆ ಒತ್ತಿ ಹರ್ಬೇರಿಯಂ ಹಾಳೆ ಮಾಡಿದೀಯಾ? ವೈವಾದಲ್ಲಿ ಮೊದಲು ಅದನ್ನೇ ಕೇಳೋದು. ನಮ್ಮ ಅಜ್ಜ ನಾಟಿ ವೈದ್ಯರು. ಗ್ರಂದಿಗೆ ಅಂಗಡಿ ಎಲೆ ತಂದಾಗೆಲ್ಲ ಅಗಿದು, ಸಕ್ಕರೆ ಚಿಟಿಕೆ ಬಾಯಿಗೆ ಹಾಕ್ಕೊಂಡು ನೋಡೋರು. ಸಿಹಿ ಹತ್ತಿದ್ರೆ ಮೂಟೆ ವಾಪಸ್.

ಶುಗರ್ ಶಂಕ್ರಣ್ಣ:
ನನಗೆ ನಿಮ್ಮ ಟ್ಯೂಬು ಅರ್ಥ ಆಗಲ್ಲ. ಆದ್ರೆ ಇದನ್ನ ಓದಿ ಯಾರೂ ಎಲೆ ಕಿತ್ಕೊಂಡು ಬಾಯಿಗೆ ಹಾಕ್ಬೇಡಿ. ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಜೊತೆ ನಾನು ಎಲೆಪುಡೀನೂ ಶುರು ಮಾಡಿದ್ದೆ, ಡಾಕ್ಟ್ರಿಗೆ ಹೇಳದೆ. ಒಂದು ಮಧ್ಯಾಹ್ನ ಕೈ ನಡುಗಿ ಅಂಗಿ ಪೂರ್ತಿ ಒದ್ದೆ. ಮೀಟರ್‌ನಲ್ಲಿ ಸಕ್ಕರೆ 58, ತೀರಾ ಕಮ್ಮಿ. ಹೆಂಡ್ತಿ ಸಕ್ಕರೆ ನೀರು ಕುಡಿಸಿದ್ಲು.

ತುಂಗಾತೀರ:
ಬ್ಲ್ಯಾಂಕ್ ಇಟ್ಟೆ: 0.41. ಕಳೆದ್ರೆ 0.56, ಅಂದ್ರೆ ಪ್ರತಿಬಂಧ 32%. ಅಕಾರ್ಬೋಸ್ ಹತ್ತಿರಕ್ಕೂ ಇಲ್ಲ, ಆದ್ರೆ ಮೈನಸ್ ಅಂತೂ ಅಲ್ಲ. ರಾಮಣ್ಣ, ಡಿಪಿಪಿಎಚ್ ಬಾಟ್ಲಿ ಒಂದು ವಾರದಿಂದ ಕಿಟಕಿ ಪಕ್ಕದಲ್ಲೇ ಇತ್ತು, ಸೋಮವಾರ ಎಲ್ಲ ಹೊಸದಾಗಿ. ಶಂಕ್ರಣ್ಣ, ನಿಮ್ಮ ಮಾತು ರಿಪೋರ್ಟಿನ ಕೊನೇ ಪುಟಕ್ಕೆ ಹೋಗುತ್ತೆ, ಹೆಸರಿಲ್ಲದೆ.

ಅಜ್ಜಿಗೆ ಫೋನ್ ಮಾಡಿ 32 ಬಂತು ಅಂದೆ. "ಎಷ್ಟಕ್ಕೆ ಪಾಸು?" ಅಂದ್ರು.