ವಿಕಿರಣ 'ಕ್ಷಯ'ಕ್ಕೆ ಬೇರೆ ಮಾತು ಇದೆಯೇ?

ಗೆಳೆಯರೇ,

ಆಸ್ಪತ್ರೆಯ ವಿಕಿರಣ ಕಸ ಇಡುವ ಕೋಣೆಗೆ ಒಂದು ಸೂಚನಾಫಲಕ ಬರೆಯುತ್ತಿದ್ದೇನೆ. ಓದಬೇಕಾದವರು ಸಫಾಯಿ ಸಿಬ್ಬಂದಿ. ವಿಕಿರಣಶೀಲ ವಸ್ತು ತಾನಾಗಿಯೇ ಕಡಿಮೆಯಾಗುವುದಕ್ಕೆ ಪಠ್ಯಪುಸ್ತಕಗಳು 'ಕ್ಷಯ' ಎನ್ನುತ್ತವೆ. ತರಗತಿಯಲ್ಲಿ ಅದು ಸರಿ. ಆಸ್ಪತ್ರೆಯ ಬಾಗಿಲ ಮೇಲೆ 'ಕ್ಷಯ ಕೋಣೆ' ಅಂತ ಕಂಡರೆ ಟಿಬಿ ವಾರ್ಡು ಅಂದುಕೊಳ್ಳುತ್ತಾರೆ, ಅಲ್ವಾ?

ಅಲ್ಲಿ ನಡೆಯುವ ಕೆಲಸ ಹೀಗಿದೆ. ಬಳಸಿದ ಸಿರಿಂಜ್, ಹತ್ತಿ, ಗ್ಲೌಸ್‌ಗಳನ್ನು ಸೀಸದ ಹೊದಿಕೆಯ ಡಬ್ಬಿಗೆ ಹಾಕಿ, ಅದರಲ್ಲಿರುವ ವಿಕಿರಣ ವಸ್ತುವಿನ (ಐಸೊಟೋಪಿನ) ಹೆಸರು, ತಾರೀಖು ಬರೆದಿಡುತ್ತಾರೆ. ಟೆಕ್ನೀಶಿಯಂ-99ಎಂ 6 ಗಂಟೆಗೆ ಅರ್ಧವಾಗುತ್ತದೆ, ಅಯೋಡಿನ್-131 ಸುಮಾರು 8 ದಿನಕ್ಕೆ. ಹತ್ತು ಸಲ ಅರ್ಧವಾದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಮೊದಲನೆಯದಕ್ಕೆ ಎರಡೂವರೆ ದಿನ ಸಾಕು, ಎರಡನೆಯದಕ್ಕೆ 80 ದಿನ ಬೇಕು. ಹಾಗಾಗಿ ಎರಡನ್ನೂ ಒಂದೇ ಡಬ್ಬಿಗೆ ಸುರಿಯಬಾರದು. ಆಮೇಲೆ ಮೀಟರ್ ಹಿಡಿದು ನೋಡುತ್ತಾರೆ. ಸುತ್ತಲಿನ ಸಹಜ ಮಟ್ಟಕ್ಕೆ ಬಂದಿದ್ದರೆ, ಮೂರೆಲೆಯ ವಿಕಿರಣ ಚಿಹ್ನೆ ಕಿತ್ತುಹಾಕಿ ಉಳಿದ ಆಸ್ಪತ್ರೆ ಕಸದ ಜೊತೆ ಕಳಿಸುತ್ತಾರೆ. ಚಿಹ್ನೆ ಹಾಗೇ ಬಿಟ್ಟರೆ ಆಚೆ ಇರುವವರಿಗೆ ಸುಮ್ನೆ ಗಾಬರಿ.

ನನಗೆ ಮೊದಲು ಹೊಳೆದದ್ದು 'ಆರು'. ಕೆಂಡ ಆರುತ್ತದೆ, ಗಾಯವೂ ಆರುತ್ತದೆ. ಎಷ್ಟು ಚೆಂದದ ಮಾತು! ಆದರೆ ಯಾರಾದರೂ ಡಬ್ಬಿ ಮುಟ್ಟಿ 'ತಣ್ಣಗಿದೆ, ಆರಿದೆ' ಅಂದುಬಿಟ್ಟರೆ? ವಿಕಿರಣ ಕೈಗೆ ತಿಳಿಯುವಂಥದ್ದಲ್ಲ. ಅದಕ್ಕಿಂತ 'ಇಳಿ' ವಾಸಿ ಅನ್ನಿಸುತ್ತದೆ. ಜ್ವರ ಇಳಿಯಿತು, ವಿಷ ಇಳಿಯಿತು ಅನ್ನುತ್ತೇವಲ್ಲ. 'ವಿಕಿರಣ ಇಳಿಯುವ ತನಕ ಇಡುವ ಕೋಣೆ' ಅಂದರೆ ಉದ್ದವಾಯಿತೇ?

ಹೀಗೆ ಅರ್ಧವಾಗಲು ಹಿಡಿಯುವ ಕಾಲಕ್ಕೆ ಹೇಳುವ 'ಅರ್ಧಾಯು' ಕೂಡ ತೊಡಕೇ. 8 ದಿನ ಅರ್ಧ ಆಯಸ್ಸಾದರೆ 16 ದಿನಕ್ಕೆ ಪೂರ್ತಿ ಮುಗಿಯಿತು ಅಂತ ಯಾರಾದರೂ ಲೆಕ್ಕ ಹಾಕಬಹುದು. ಆಗಲೂ ಕಾಲು ಭಾಗ ಉಳಿದಿರುತ್ತದೆ. ಫಲಕದಲ್ಲಿ ಈ ಪದ ಬಿಟ್ಟು, 'ಈ ತಾರೀಖಿನವರೆಗೆ ಮುಟ್ಟಬೇಡಿ' ಅಂತಲೇ ಹಾಕುತ್ತೇನೆ.

ಜಾಸ್ತಿ ಕಾಡುತ್ತಿರುವುದು 'ವಿಲೇವಾರಿ'. ಕ್ಯಾನ್ಸರ್ ಚಿಕಿತ್ಸೆಯ ಯಂತ್ರದಲ್ಲಿರುವ ಕೋಬಾಲ್ಟ್-60 ಅರ್ಧವಾಗಲು ಐದು ವರ್ಷಕ್ಕೂ ಮೇಲೆ ಬೇಕು, ಸೀಸಿಯಂ-137ಕ್ಕೆ ಸುಮಾರು 30 ವರ್ಷ. ಇವನ್ನು ಆ ಕೋಣೆಯಲ್ಲಿಟ್ಟು ಕಾಯುವಂತಿಲ್ಲ. ಅನುಮತಿ ಪಡೆದು, ತಯಾರಿಸಿದವರಿಗೋ ಪರವಾನಗಿ ಇರುವ ವಿಕಿರಣ ಕಸದ ಸಂಗ್ರಹ ಕೇಂದ್ರಕ್ಕೋ ಒಪ್ಪಿಸಬೇಕು. ವಿಲೇವಾರಿ ಅಂದಾಗ ಗುಜರಿಯವರ ನೆನಪು ಬರುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಸೀಸಿಯಂ ಗುಜರಿಯವರ ಕೈಗೆ ಹೋಗಿ, ವಿಕಿರಣ ತಗುಲಿ ನಾಲ್ವರು ಸತ್ತರು. ಇಂಥ ವಿಕಿರಣ ಮೂಲಗಳಿಗೆ 'ವಿಲೇವಾರಿ' ಬಿಟ್ಟು 'ವಾಪಸು ಒಪ್ಪಿಸುವುದು' ಅಂತಲೇ ಬರೆಯಲೇ? ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ವಸ್ತು ಕೊಟ್ಟು ರೋಗ ಪತ್ತೆ, ಚಿಕಿತ್ಸೆ ಮಾಡುವ) ವಿಭಾಗದಲ್ಲಿ ಕೆಲಸ ಮಾಡುವವರು ಇದಕ್ಕೆ ತಮ್ಮತಮ್ಮಲ್ಲಿ ಏನನ್ನುತ್ತೀರಿ?