ಹಾಲ್ಟ್ ಪಕ್ಕದ ಊರಿಂದ ದಿನಾ ರೈಲಲ್ಲಿ ಕೆಲಸಕ್ಕೆ ಓಡಾಡಬಹುದಾ? ಅನುಭವ ಇದ್ದವರು ಹೇಳಿ

ಹೊಲದಂಚಿನವ: ನಂಜನಗೂಡು–ಚಾಮರಾಜನಗರ ನಡುವಿನ ಒಂದು ಸಣ್ಣ ಹಾಲ್ಟ್ (ರೈಲ್ವೆ ಸಿಬ್ಬಂದಿ ಇಲ್ಲದ ಪುಟ್ಟ ನಿಲ್ದಾಣ) ಪಕ್ಕ ನಮ್ಮೂರು. ಕೆಲಸ ಮೈಸೂರಲ್ಲಿ. ಅಪ್ಪ ಅಮ್ಮನಿಗೆ ವಯಸ್ಸಾಯ್ತು. ಬಾಡಿಗೆ ಮನೆ ಬಿಟ್ಟು ಊರಿಗೆ ಹೋಗಿ, ದಿನಾ ಓಡಾಡೋಣ ಅಂದುಕೊಂಡಿದ್ದೇನೆ. ಬೆಳಗಿನ ಪ್ಯಾಸೆಂಜರ್ ನಮ್ಮಲ್ಲಿ ನಿಲ್ಲುತ್ತದೆ. ಸಂಜೆ ನನ್ನ ಟೈಮಿಗೆ ಹೊಂದುವ ಗಾಡಿ ನಿಲ್ಲುವುದಿಲ್ಲ. ಅದಕ್ಕೆ ನಿಲುಗಡೆ ಕೇಳುವುದು ಹೇಗೆ? ಬಸ್ಸಿನ ಕೋರಿಕೆ ನಿಲುಗಡೆ ತರ, ಗಾರ್ಡ್‌ಗೆ ಮೊದಲೇ ಹೇಳಿದರೆ ನಿಲ್ಲಿಸುತ್ತಾರೆ ಅಂತ ಊರಲ್ಲಿ ಒಬ್ಬರು ಹೇಳಿದರು. ನಿಜವಾ?

ಪಾಸ್ ಪುಟ್ಟಣ್ಣ: ಬೇಡ ಸಾರ್. ನನ್ನ ಕತೆ ಕೇಳಿ, ಆಮೇಲೆ ನಿಮ್ಮಿಷ್ಟ. ನಾನೂ ₹6,000 ಬಾಡಿಗೆ ಉಳಿಯುತ್ತದೆ ಅಂತ ಊರಿಗೆ ಹೋದವನೇ. ತಿಂಗಳ ಪಾಸ್ ₹185. ಕೇಳಲು ಎಷ್ಟು ಚೆಂದ ಅಲ್ವಾ? ಈಗ ಉಳಿದ ಲೆಕ್ಕ. ನಮ್ಮ ಹಾಲ್ಟ್‌ನಲ್ಲಿ ಬೈಕ್ ನಿಲ್ಲಿಸಲು ಜಾಗ ಇಲ್ಲ, ಹತ್ತಿರದ ಅಂಗಡಿಯವರ ಜಗುಲಿಗೆ ತಿಂಗಳಿಗೆ ₹300. ಎರಡು ಸಲ ಪೆಟ್ರೋಲ್ ಕದ್ದರು, ಒಂದು ಸಲ ಕನ್ನಡಿ. ಮೈಸೂರು ಸ್ಟೇಷನ್‌ನಿಂದ ಫ್ಯಾಕ್ಟರಿಗೆ ಸಿಟಿ ಬಸ್, ಗಾಡಿ ತಡವಾದರೆ ಆಟೋ ₹180. ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಕಟ್. ಸಂಜೆ ಗಾಡಿ ತಪ್ಪಿದರೆ ಬಸ್ಸಲ್ಲಿ ನಂಜನಗೂಡು, ಅಲ್ಲಿಂದ ಆಟೋದವನು ರಾತ್ರಿ ರೇಟ್ ಅಂತ ₹350 ಕೇಳುತ್ತಾನೆ. ಮಳೆಗಾಲದಲ್ಲಿ ಅದಕ್ಕೂ ಒಪ್ಪಲ್ಲ.

ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಗಾಡಿಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಹೆಸರು ಸ್ಪೆಷಲ್, ನಂಬರ್ ಸೊನ್ನೆಯಿಂದ ಶುರು, ₹10 ಇದ್ದ ಕನಿಷ್ಠ ಟಿಕೆಟ್ ₹30. ಪಾಸ್ ಕೊಡಲ್ಲ ಅಂದರು. ಅದೇ ಡಬ್ಬಿ, ಅದೇ ಮುರಿದ ಕಿಟಕಿ, ಮೂರು ಪಟ್ಟು ದುಡ್ಡು. 2024ರ ಫೆಬ್ರವರಿಯಲ್ಲಿ ಹಳೇ ದರ ವಾಪಸ್ ಬಂತು. ಅಷ್ಟು ಹೊತ್ತಿಗೆ ನಾನು ಸೆಕೆಂಡ್ ಹ್ಯಾಂಡ್ ಆಲ್ಟೊ ತೆಗೆದುಕೊಂಡು ಇಎಂಐ ಕಟ್ಟುತ್ತಿದ್ದೆ. ಈಗಲೂ ಕಟ್ಟುತ್ತಿದ್ದೇನೆ.

ಹಳೇ ಗಾರ್ಡ್: ಗಾರ್ಡ್‌ಗೆ ಹೇಳಿದರೆ ನಿಲ್ಲಿಸುತ್ತಾರೆ ಅಂದವರು ಯಾರು ಸ್ವಾಮಿ? ಸರ್ವೀಸ್ ಪೂರ್ತಿ ಇದನ್ನೇ ಕೇಳಿ ಕೇಳಿ ಸಾಕಾಗಿದೆ. ಟೈಮ್‌ಟೇಬಲ್‌ನಲ್ಲಿ ನಿಲುಗಡೆ ಇದ್ದರೆ, ಜನ ಇರಲಿ ಬಿಡಲಿ, ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ಮಾವನೇ ಲೋಕೋ ಪೈಲಟ್ ಆದರೂ ನಿಲ್ಲಿಸುವ ಹಾಗಿಲ್ಲ. ಅದು ಸಿಂಗಲ್ ಲೈನ್. ನೀವು ಇಳಿಯಲು ಒಂದು ನಿಮಿಷ ನಿಲ್ಲಿಸಿದರೆ, ವೇಗ ಇಳಿಸಿ ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಐದಾರು ನಿಮಿಷ ಹೋಯಿತು. ಮುಂದಿನ ಸ್ಟೇಷನ್‌ನಲ್ಲಿ ಎದುರಿನ ಗಾಡಿ ಕ್ರಾಸಿಂಗ್‌ಗೆ ಕಾಯುತ್ತಿರುತ್ತದೆ. ಅವರಿಗೆ ಉತ್ತರ ಕೊಡುವವರು ಯಾರು?

ಎಡಕುಮೇರಿಯಲ್ಲಿ ನಿಲ್ಲುತ್ತದಲ್ಲ ಅಂತ ಈಗ ಯಾರಾದರೂ ಬರುತ್ತಾರೆ. ಅದು ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಾಟ್, ಒಳಗೆ ಕಾಡು. ಅಲ್ಲಿಗೆ ನೆಟ್ಟಗೆ ರಸ್ತೆಯಿಲ್ಲ, ಸಿಬ್ಬಂದಿ ಓಡಾಡುವುದೇ ರೈಲಲ್ಲಿ. ಅದನ್ನು ನೋಡಿಕೊಂಡು ಟ್ರೆಕ್ಕಿಂಗ್ ಹುಡುಗರು ಹಳಿ ಮೇಲೆ ನಡೆಯುತ್ತಾರೆ. ರೈಲ್ವೆ ಕಾಯ್ದೆ ಸೆಕ್ಷನ್ 147, ಆರು ತಿಂಗಳವರೆಗೆ ಜೈಲು, ಇಲ್ಲವೇ ₹1,000ವರೆಗೆ ದಂಡ, ಇಲ್ಲವೇ ಎರಡೂ. ಕಾರಣವಿಲ್ಲದೆ ಚೈನ್ ಎಳೆದರೆ 141, ಒಂದು ವರ್ಷದವರೆಗೆ ಜೈಲು. ಊರಿನವರು ಎಳೆಯುವುದು ಗೊತ್ತು, ಅದಕ್ಕೇ ಹೇಳಿದೆ.

ಬೋಗಿ ಬಸು: ಈಗ ಗಾರ್ಡ್ ಅಲ್ಲ ಸಾರ್, ಟ್ರೈನ್ ಮ್ಯಾನೇಜರ್. 2022ರಲ್ಲೇ ಬದಲಾಗಿದೆ.

ಹಳೇ ಗಾರ್ಡ್: ನಾನು ರಿಟೈರ್ ಆದಾಗ ಗಾರ್ಡ್. ನನ್ನ ಪೆನ್ಷನ್ ಪುಸ್ತಕದಲ್ಲೂ ಹಾಗೇ ಇದೆ. ನಿಮಗೇನಪ್ಪಾ ತೊಂದರೆ?

ಕುಕ್ಕೆ ದಾರಿ: ಹೋರಾಟ ಮಾಡಿದರೆ ಸಿಗುತ್ತದೆ ಮಾರಾಯ್ರೆ, ಸುಮ್ನೆ ಹೆದರಿಸಬೇಡಿ. ಮಂಗಳೂರಿಂದ ಕಬಕ ಪುತ್ತೂರಿಗೆ ಬರುವ ಪ್ಯಾಸೆಂಜರ್ ಸುಬ್ರಹ್ಮಣ್ಯ ರೋಡ್‌ವರೆಗೆ ಬರಲಿ ಅಂತ ನಾವು ವರ್ಷಗಟ್ಟಲೆ ಕೇಳಿದೆವು. 2025ರ ಏಪ್ರಿಲ್‌ನಲ್ಲಿ ಬಂತು. ಅದರ ಹಿಂದೆ ಏನೇನಿತ್ತು ಅಂತ ಯಾರಿಗೂ ಗೊತ್ತಿಲ್ಲ. ಸಹಿ ಸಂಗ್ರಹಕ್ಕೆ ಮನೆ ಮನೆ ಹತ್ತಿದೆವು. ಅಡಿಕೆ ಕೊಯ್ಲಿನ ಸಮಯ, ಯಾರೂ ಮನೆಯಲ್ಲಿ ಸಿಗುವುದಿಲ್ಲ. ಜೆರಾಕ್ಸ್, ಫ್ಲೆಕ್ಸ್, ಮೈಸೂರಿನ ರೈಲ್ವೆ ವಿಭಾಗ ಕಚೇರಿಗೆ ಹೋಗಿ ಮನವಿ ಕೊಡಲು ಟೆಂಪೋ ಟ್ರಾವೆಲರ್ ಬಾಡಿಗೆ ₹14,000, ಜೊತೆಗೆ ಬಂದವರಿಗೆ ಊಟ. ಅರ್ಧ ಜನ ಊಟ ಮಾಡಿ ಝೂ ನೋಡಲು ಹೋದರು! ಉತ್ತರ ಬಂತು, "ನಾಟ್ ಫೀಸಿಬಲ್". ಮತ್ತೆ ಬರೆದೆವು, ಮತ್ತೆ ಅದೇ. ಆ ಕಾಗದಗಳೆಲ್ಲ ನನ್ನ ಫೈಲ್‌ನಲ್ಲಿವೆ. ಬೇಕಾದವರು ಬಂದು ನೋಡಿ.

ಬರೀ ಕಚೇರಿಗೆ ಕೊಟ್ಟರೆ ಆಗದು. ಎಕ್ಸ್‌ಪ್ರೆಸ್ ನಿಲುಗಡೆ ಅಂದರೆ ರೈಲ್ವೆ ಬೋರ್ಡ್‌ವರೆಗೆ ಹೋಗಬೇಕು, ಅದಕ್ಕೆ ಸಂಸದರ ಪತ್ರ ಬೇಕು. ಪ್ಯಾಸೆಂಜರ್ ಆದರೆ ಅಷ್ಟು ರಗಳೆ ಇಲ್ಲ. ಡಿಆರ್‌ಯುಸಿಸಿ (ರೈಲ್ವೆ ವಿಭಾಗದ ಬಳಕೆದಾರರ ಸಲಹಾ ಸಮಿತಿ) ಸದಸ್ಯರು ಯಾರಾದರೂ ನಿಮ್ಮ ಕಡೆಯವರಿದ್ದರೆ ಹಿಡಿಯಿರಿ, ವಿಷಯ ಸಭೆಯ ಅಜೆಂಡಾಕ್ಕೆ ಬರಲಿ.

ಪಾಸ್ ಪುಟ್ಟಣ್ಣ: ಸಿಕ್ಕಿದ ಮೇಲೆ? ಪತ್ರಿಕೆಯಲ್ಲಿ "ಪ್ರಾಯೋಗಿಕವಾಗಿ ಆರು ತಿಂಗಳು" ಅಂತ ಇರುತ್ತದೆ, ಓದಿದ್ದೀರಾ? ನಮ್ಮ ಪಕ್ಕದ ಊರಲ್ಲಿ ನಿಲುಗಡೆ ಸಿಕ್ಕಿತು ಅಂತ ಇಂಜಿನ್‌ಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ಸಿಹಿ ಹಂಚಿದರು. ಮುಂದಿನ ವೇಳಾಪಟ್ಟಿಯಲ್ಲಿ ಊರಿನ ಹೆಸರೇ ಇಲ್ಲ.

ಕುಕ್ಕೆ ದಾರಿ: ಟಿಕೆಟ್ ತೆಗೆಯದಿದ್ದರೆ ತೆಗೆದುಹಾಕದೆ ಇನ್ನೇನು ಮಾಡುತ್ತಾರೆ? ಘಟ್ಟದ ಮೇಲಿನವರಿಗೆ ಹಾರ ಹಾಕಲು ಬರುತ್ತದೆ, ಟಿಕೆಟ್ ತೆಗೆಯಲು ಬರುವುದಿಲ್ಲ.

ಪಾಸ್ ಪುಟ್ಟಣ್ಣ: ಘಟ್ಟದ ಮೇಲೆ ಕೆಳಗೆ ಅಂತ ಶುರು ಮಾಡಬೇಡಿ. ನಾನು ಒಂದು ದಿನವೂ ಟಿಕೆಟ್ ಇಲ್ಲದೆ ಹತ್ತಿದವನಲ್ಲ. ಪಾಸ್ ಇತ್ತು.

ಹಾಲ್ಟ್ ಏಜೆಂಟ್: ಪಾಸ್ ಎಲ್ಲಿ ಮಾಡಿಸಿದಿರಿ ಪುಟ್ಟಣ್ಣೋರೆ? ಮೈಸೂರಲ್ಲಿ ಅಲ್ವಾ? ಅದೇ ನನ್ನ ಹೊಟ್ಟೆಯುರಿ. ನಾನು ಹಾಲ್ಟ್ ಕಾಂಟ್ರ್ಯಾಕ್ಟರ್. ಸಂಬಳ ಇಲ್ಲ, ಮಾರಿದ ಟಿಕೆಟ್ ಮೇಲೆ ಕಮಿಷನ್. ಟಿಕೆಟ್ ಕಟ್ಟುಗಳನ್ನು ದೊಡ್ಡ ಸ್ಟೇಷನ್‌ನಿಂದ ಕೈಯಿಂದ ದುಡ್ಡು ಕಟ್ಟಿ ತರಬೇಕು. ಹೋಗಿ ಬರುವ ಪೆಟ್ರೋಲ್ ನನ್ನದು. ಟಿಕೆಟ್ ಕೋಣೆ ಬಾಗಿಲು, ಕಸ ಗುಡಿಸೋದು, ರಾತ್ರಿ ದೀಪ ನೋಡಿಕೊಳ್ಳೋದು, ಎಲ್ಲ ನನ್ನ ತಲೆಗೇ. ₹10 ಟಿಕೆಟ್‌ಗೆ ಜನ ₹500 ನೋಟು ಹಿಡಿದು ನಿಲ್ಲುತ್ತಾರೆ, ಗಾಡಿ ಬಂದಿರುತ್ತದೆ, ಚಿಲ್ಲರೆ ಎಲ್ಲಿಂದ ತರಲಿ? "ಆಮೇಲೆ ಕೊಡ್ತೀನಿ" ಅಂತ ಹತ್ತಿಬಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ನಮ್ಮಲ್ಲಿ ಹತ್ತುವವರಲ್ಲಿ ಅರ್ಧ ಜನರದ್ದು ಮೈಸೂರಲ್ಲಿ ಮಾಡಿಸಿದ ಪಾಸ್, ಇಲ್ಲ ಮೈಸೂರಲ್ಲಿ ತೆಗೆದ ರಿಟರ್ನ್ ಟಿಕೆಟ್. ಆ ದುಡ್ಡು ಮೈಸೂರಿನ ಖಾತೆಗೆ. ನಿಲುಗಡೆ ಬೇಕಾ ಬೇಡವಾ ಅಂತ ನೋಡುವಾಗ ನಮ್ಮ ಹಾಲ್ಟ್‌ನ ಪುಸ್ತಕ ಬರಿದು. ಪ್ಲಾಟ್‌ಫಾರಂ ತುಂಬ ಜನ, ಲೆಕ್ಕದಲ್ಲಿ ಯಾರೂ ಇಲ್ಲ. ಕೇಳಿದವರು ಬೇರೆ ಏನು ಮಾಡದಿದ್ದರೂ ಹೋಗುವ ಟಿಕೆಟನ್ನು ಹಾಲ್ಟ್‌ನಲ್ಲೇ ತೆಗೆಯಲಿ.

ಪಾಸ್ ಪುಟ್ಟಣ್ಣ: ಬೆಳಗ್ಗೆ ಗಾಡಿ ಬರುವ ಹೊತ್ತಿಗೆ ನಮ್ಮ ಕಡೆಯ ಏಜೆಂಟ್ ಬಾಗಿಲು ತೆಗೆದಿದ್ದರೆ ತೆಗೆಯುತ್ತಿದ್ದೆ. ಬೀಗ ಹಾಕಿಕೊಂಡು ತೋಟಕ್ಕೆ ಹೋಗಿರುತ್ತಿದ್ದ.

ಹಾಲ್ಟ್ ಏಜೆಂಟ್: ಕಮಿಷನ್‌ನಲ್ಲಿ ಹೊಟ್ಟೆ ತುಂಬದಿದ್ದರೆ ತೋಟಕ್ಕೇ ಹೋಗಬೇಕು. ನೀವು ಬಂದು ಕೂತುಕೊಳ್ಳಿ, ಟೆಂಡರ್ ಕರೆದಾಗ ಹಾಕಿ.

ಶಾರದಕ್ಕ: ಏಜೆಂಟ್ ಹೇಳಿದ್ದು ಸರಿ. ತೆಲಂಗಾಣದ ನೆಕ್ಕೊಂಡದಲ್ಲಿ ಊರವರು ಚಂದಾ ಎತ್ತಿ ದಿನಾ ಟಿಕೆಟ್ ತೆಗೆಯುತ್ತಿದ್ದರು, ಪ್ರಯಾಣ ಮಾಡದೆ. ನಿಲುಗಡೆ ಉಳಿಯಲಿ ಅಂತ. ರಾಜಸ್ಥಾನದ ಜಾಲ್ಸು ನಾನಕ್ ಹಾಲ್ಟ್ ಅನ್ನು ಹಳ್ಳಿಯವರೇ ನಡೆಸಿದರು, ತಿಂಗಳಿಗೆ 1,500 ಟಿಕೆಟ್ ಮಾರಬೇಕು ಅಂತ ಷರತ್ತು. ಚಂದಾ ಹಾಕಿ ಟಿಕೆಟ್ ಕೊಂಡು ಶುರು ಮಾಡಿದರು. ನಮ್ಮ ಮಹಿಳಾ ಸಂಘದಿಂದ ನಾವೂ ಹಾಗೇ ಮಾಡಿದೆವು, ಮನೆಗೆ ₹50. ನನಗೆ ಅದರ ಬಗ್ಗೆ ಹೆಮ್ಮೆಯೇ ಇದೆ.

ಬೋಗಿ ಬಸು: ಅದು ಮೋಸ ಅಲ್ವಾ ಅಕ್ಕ? ಹೋಗದೆ ಟಿಕೆಟ್ ತೆಗೆದು, ಜನ ಇದ್ದಾರೆ ಅಂತ ತೋರಿಸೋದು? ನಿಮ್ಮಂಥವರಿಂದ ದೂರ ಹೋಗುವ ಗಾಡಿಗಳೆಲ್ಲ ಊರೂರಲ್ಲಿ ನಿಂತು ತಡವಾಗೋದು. ನಾನು ಬೆಂಗಳೂರಿಗೆ ಓಡಾಡುವವನು, ಪ್ರತಿ ವರ್ಷ ಒಂದೊಂದು ಹೊಸ ನಿಲುಗಡೆ ಸೇರುತ್ತಿದೆ.

ಶಾರದಕ್ಕ: ಮೋಸನಾ? ದುಡ್ಡು ಕೊಟ್ಟಿದ್ದೇವೆ, ಸೀಟೂ ಕೇಳಿಲ್ಲ. ಇದಕ್ಕಿಂತ ಒಳ್ಳೆ ಗಿರಾಕಿ ಯಾರಿಗೆ ಸಿಗುತ್ತಾರೆ? ನಿಮ್ಮ ಹತ್ತು ನಿಮಿಷಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜು ಬಿಡಬೇಕಾ? ಬಸ್ ಇಲ್ಲದ ಊರಲ್ಲಿ ಒಂದು ವಾರ ಇದ್ದು ನೋಡಿ ತಮ್ಮಾ, ಆಮೇಲೆ ಮೋಸದ ಪಾಠ ಹೇಳಿ.

ವೇಲ್ಸ್ ಡಾಕ್ಟ್ರಮ್ಮ: ಕೋರಿಕೆ ನಿಲುಗಡೆ ಅಂತ ನೋಡಿ ಓದಿದೆ. ನಾನಿರುವ ಕಡೆ ರೈಲಿಗೇ ಅದಿದೆ! ಪ್ಲಾಟ್‌ಫಾರಂನಲ್ಲಿ ನಿಂತು ಕೈ ಚಾಚಬೇಕು, ಡ್ರೈವರ್ ನೋಡಿ ನಿಲ್ಲಿಸುತ್ತಾರೆ. ಇಳಿಯಬೇಕಾದರೆ ಹತ್ತಿದ ಕೂಡಲೇ ಗಾರ್ಡ್‌ಗೆ ಹೇಳಬೇಕು. ಸ್ವಾನ್ಸಿಯಿಂದ ಶ್ರೂಸ್ಬರಿಗೆ ಹೋಗುವ ಹಳ್ಳಿ ಲೈನ್‌ನಲ್ಲಿ ಇಂಥವು ಬೇಕಾದಷ್ಟಿವೆ. ಶುಗರ್ ಲೋಫ್ ಅಂತ ಒಂದು ಸ್ಟೇಷನ್, ಸುತ್ತ ಊರೇ ಇಲ್ಲ. ಸ್ಕಾಟ್ಲೆಂಡ್‌ನ ಉತ್ತರ ತುದಿಯಲ್ಲಿ ಈಗ ಕೈ ಬದಲು ಗುಂಡಿ ಇಟ್ಟಿದ್ದಾರೆ. ಒತ್ತಿದರೆ ರೇಡಿಯೋ ಮೂಲಕ ಡ್ರೈವರ್‌ಗೆ ತಿಳಿಯುತ್ತದೆ.

ಆದರೆ ಸ್ವರ್ಗ ಅಂದುಕೊಳ್ಳಬೇಡಿ. ದಿನಕ್ಕೆ ನಾಲ್ಕೈದು ಗಾಡಿ ಅಷ್ಟೆ, ಎರಡೇ ಡಬ್ಬಿ. ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಕಪ್ಪು ಕೋಟ್ ಹಾಕಿ, ಮಳೆಯಲ್ಲಿ ಕೈ ಚಾಚಿ ನಿಂತಿದ್ದೆ. ಗಾಡಿ ಹಾರ್ನ್ ಹಾಕಿಕೊಂಡು ಹೊರಟೇ ಹೋಯಿತು. ರಾತ್ರಿ ಡ್ಯೂಟಿಗೆ ಹೋಗಬೇಕು, ಟ್ಯಾಕ್ಸಿಗೆ 55 ಪೌಂಡ್ ಕೊಟ್ಟೆ. ಅಂದಿನಿಂದ ಫೋನ್ ಟಾರ್ಚ್ ಹಚ್ಚಿಕೊಂಡು ಬೀಸುತ್ತೇನೆ. ಕೆಲವು ಕಡೆ ಪ್ಲಾಟ್‌ಫಾರಂ ಮೋಟು, ಯಾವ ಬಾಗಿಲು ತೆಗೆಯುತ್ತಾರೆ ಅಂತ ಮೊದಲೇ ಕೇಳಿ ಅಲ್ಲಿ ನಿಲ್ಲಬೇಕು.

ಹಳೇ ಗಾರ್ಡ್: ಎರಡು ಡಬ್ಬಿ ಗಾಡಿಗೆ ಮಾಡಬಹುದು ಮೇಡಂ. ನಮ್ಮ ಉದ್ದನೆಯ ಗಾಡಿ, ಸಾವಿರ ಜನ, ಊರಿಗೊಬ್ಬ ಕೈ ಚಾಚಿದರೆ ಚಾಮರಾಜನಗರ ಮುಟ್ಟುವುದು ಮಾರನೇ ದಿನ.

ಕುಕ್ಕೆ ದಾರಿ: ಅವರು 55 ಪೌಂಡ್ ಕೊಟ್ಟರಂತೆ, ನಮ್ಮ ಟೆಂಪೋ ಬಾಡಿಗೆಯ ಅರ್ಧಕ್ಕೆ ಹತ್ತಿರ ಬಂತು. ಫಾರಿನ್ ಕತೆ ಸಾಕು, ಇಲ್ಲಿ ಮೋಟು ಪ್ಲಾಟ್‌ಫಾರಂ ಏನು, ಪ್ಲಾಟ್‌ಫಾರಂ ಅಂತ ಕರೆಯುವುದೇ ಹೆಚ್ಚು. ನೆಲದ ಮಟ್ಟಕ್ಕೆ ಮಣ್ಣು ಹಾಕಿದ್ದಾರೆ. ಹಿಂದಿನ ಡಬ್ಬಿಯಲ್ಲಿ ಕೂತರೆ ಜಲ್ಲಿ ಮೇಲೆ ಇಳಿಯಬೇಕು. ನನ್ನ ಅಮ್ಮನಿಗೆ ಕೆಳಗಿನ ಮೆಟ್ಟಿಲಿಗೆ ಕಾಲು ಎಟಕುವುದಿಲ್ಲ. ಮೊದಲು ಸೀರೆ ಎತ್ತಿ ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ ಕಂಬಿ ಹಿಡಿದು, ಮುಖ ಡಬ್ಬಿ ಕಡೆ ಮಾಡಿ, ಹಿಂದು ಹಿಂದಕ್ಕೆ ಇಳಿಯುತ್ತಾರೆ. ಕೆಳಗೆ ಒಬ್ಬರು ಸೊಂಟ ಹಿಡಿಯಬೇಕು. ಒಂದು ನಿಮಿಷ ಅವರೊಬ್ಬರಿಗೇ ಬೇಕು.

ಬೋಗಿ ಬಸು: ಅದಕ್ಕೇ ಹೇಳಿದ್ದು, ಒಂದು ನಿಮಿಷದ ನಿಲುಗಡೆ ಅಂತ ಬರೆದು ಮೂರು ನಿಮಿಷ ನಿಲ್ಲೋದು.

ಶಾರದಕ್ಕ: ಅವರ ಅಮ್ಮ ಇಳಿಯೋದು ನಿಮಗೆ ತಡ ಆಯ್ತಾ?

ಬೋಗಿ ಬಸು: ನಾನು ಅಮ್ಮನ ಬಗ್ಗೆ ಹೇಳಿಲ್ಲ ಅಕ್ಕ, ಪ್ಲಾಟ್‌ಫಾರಂ ಎತ್ತರ ಮಾಡಿಸಿ ಆಮೇಲೆ ನಿಲುಗಡೆ ಕೇಳಿ ಅಂದೆ.

ಹೊಲದಂಚಿನವ: ಎಲ್ಲರಿಗೂ ವಂದನೆ. ಅಂದರೆ ನಾನು ಮೊದಲು ಹಾಲ್ಟ್‌ನಲ್ಲೇ ಪಾಸ್ ಮಾಡಿಸಬೇಕಾ? ಅಲ್ಲಿ ಪಾಸ್ ಕೊಡುತ್ತಾರಾ?

ಹಾಲ್ಟ್ ಏಜೆಂಟ್: ನಿಮ್ಮ ಏಜೆಂಟ್‌ನನ್ನೇ ಕೇಳಿ ಸಾರ್. ಬಾಗಿಲು ಹಾಕಿದ್ದರೆ ತೋಟದಲ್ಲಿ ಹುಡುಕಿ ಅಂತ ಪುಟ್ಟಣ್ಣೋರು ಹೇಳಿದ್ದಾರಲ್ಲ.

ಪಾಸ್ ಪುಟ್ಟಣ್ಣ: ನಗಬೇಡಿ. ಆ ಜಗುಲಿಯ ₹300 ಈಗ ₹500 ಆಗಿದೆಯಂತೆ.